ಕ್ಯಾಪ್ಟನ್‌ಗೆ ಜೋಡಿ ಯಾರು

ಹೊಲಿಗೆ ಅಂಗಡಿಯಿಂದ,
ಹದಿನಾಲ್ಕನೇ ತಾರೀಖು, ಮಂಗಳವಾರ ಮಧ್ಯಾಹ್ನ

ನನ್ನ ಗುಬ್ಬೀ,

ಹೇಗಿದ್ದೀಯ ಮಗಳೇ? ತಲೆನೋವು ಕಡಿಮೆಯಾಯಿತೇ? ಕನ್ನಡಕ ಬದಲಾಯಿಸಿದೆಯೋ, ಇಲ್ಲ ಅದೇ ಗೀರು ಬಿದ್ದ ಗಾಜಿನಲ್ಲಿ ಕಣ್ಣು ಕಿರಿದು ಮಾಡಿಕೊಂಡು ಕೂರುತ್ತೀಯೋ? ಹೊತ್ತಿಗೆ ಸರಿಯಾಗಿ ಊಟ ಮಾಡು ಅಂದರೆ ನೀನು ಮೂಗು ಮುರಿಯುತ್ತೀಯ, ಗೊತ್ತು, ಆದರೂ ಬರೆದೆ. ನಾನು ಚೆನ್ನಾಗಿದ್ದೇನೆ, ಮಂಡಿಯೊಂದು ಬಿಟ್ಟು. ನಿನ್ನ ಅಪ್ಪನ ಬಿ.ಪಿ.ಯೂ ಹಾಗೇ ಇದೆ, ಬಾಯಿಯೂ ಹಾಗೇ ಇದೆ. ನಿನ್ನ ಜೊತೆ ರೂಮಿನಲ್ಲಿದ್ದ ನರ್ಸ್ ತನ್ನ ಕೋಟಿನ ತೋಳು ಗಿಡ್ಡ ಮಾಡಲು ಕೊಟ್ಟು ಹೋಗಿದ್ದಾಳೆ. ನಾಲ್ಕು ಗಂಟೆಗೆ ಬಂದಾಗ ಈ ಕಾಗದ ಅವಳ ಕೈಗೆ ಕೊಡುತ್ತೇನೆ. "ಸಿಕ್ಕಿದ್ರೆ ಕೊಡ್ತೀನಿ ಆಂಟಿ, ಸಿಗ್ತಾಳೆ ಅಂತ ಮಾತ್ರ ನಂಬ್ಕೋಬೇಡಿ" ಅಂದಿದ್ದಾಳೆ. ನನಗೆ ಉಳಿದಿರುವುದು ಅದೊಂದೇ ದಾರಿ.

ನೀನು ಮನೆ ಬಿಟ್ಟು ಮುಂದಿನ ತಿಂಗಳಿಗೆ ಎರಡು ವರ್ಷ. ಆ ಭಾನುವಾರ ಚಿಕ್ಕಪ್ಪನ ಮನೆಯವರೆಲ್ಲ ಊಟಕ್ಕೆ ಕೂತಿದ್ದಾಗ ನಿನ್ನ ಅಪ್ಪ ನಿನ್ನ ಫೋನು ಕಿತ್ತುಕೊಂಡು, ನೀನು ಬರೆದದ್ದನ್ನು ಹೆಣ್ಣುದನಿ ಮಾಡಿ ಓದಿದರು. ಟೀವಿಯ ಹಡಗಿನ ಧಾರಾವಾಹಿಯ ಕ್ಯಾಪ್ಟನ್ನೂ ಡಾಕ್ಟರೂ ಒಬ್ಬರನ್ನೊಬ್ಬರು ಪ್ರೀತಿಸುವ ಕಥೆ, ಇಬ್ಬರೂ ಗಂಡಸರೇ. ಟೀವಿಯವರು ಬರೆಯದೆ ಬಿಟ್ಟದ್ದನ್ನು ನೋಡುವವರೇ ಬರೆದು ಇಂಟರ್‌ನೆಟ್ಟಿನಲ್ಲಿ ಹಾಕುತ್ತಾರೆ ಅನ್ನುವುದೇ ನನಗೆ ಆಗ ಗೊತ್ತಿರಲಿಲ್ಲ. "ಎರಡು ಬೋಲ್ಟ್ ಇಟ್ಕೊಂಡು ಯಾವ ಗಾಡಿ ಕಟ್ತೀಯೇ?" ಅಂದರು ನಿನ್ನ ಅಪ್ಪ. ಗ್ಯಾರೇಜಿನಲ್ಲಿ ಮೂವತ್ತು ವರ್ಷ ಇದ್ದವರ ಬಾಯಿಂದ ಬೇರೆ ಏನು ಬರುತ್ತದೆ. ಎಲ್ಲರೂ ನಕ್ಕರು. ನಾನೂ ನಕ್ಕೆ ಗುಬ್ಬೀ. ನೀನು ಅವರ್ಯಾರನ್ನೂ ನೋಡದೆ ನನ್ನನ್ನೇ ನೋಡಿದೆ. ಆ ನಗುವನ್ನು ನೆನೆದರೆ ಇವತ್ತಿಗೂ ನಾಚಿಕೆಯಾಗುತ್ತದೆ.

ಬಟ್ಟೆ ತುಂಬಿಕೊಳ್ಳುತ್ತಿದ್ದ ನಿನ್ನನ್ನು ನಾನು ಕೇಳಿದ್ದೂ ಎಂಥ ಪೆದ್ದು ಪ್ರಶ್ನೆ: ಹುಡುಗಿಯಾಗಿ ಹುಡುಗಿಯನ್ನೇ ಬಿಟ್ಟು ಬರೆದೆಯಲ್ಲ, ಯಾಕೆ ಅಂತ. ನೀನು ತಿರುಗಿ ನೋಡದೆಯೇ ಹೇಳಿದೆ: "ಇಬ್ಬರೂ ಗಂಡಸರಾದ್ರೆ ಪಾತ್ರೆ ಯಾರು ತೊಳೀಬೇಕು ಅಂತ ಮೊದಲೇ ತೀರ್ಮಾನ ಆಗಿರಲ್ಲಮ್ಮ. ಒಬ್ಬರನ್ನೊಬ್ಬರು ಕೇಳ್ಬೇಕಾಗುತ್ತೆ." ಆಗ ನನ್ನ ತಲೆಗೆ ಹೋಗಲಿಲ್ಲ.

ಆಮೇಲೆ ಒದ್ದಾಡಿ ಒದ್ದಾಡಿ ಫೋನಿನಲ್ಲಿ ನೀನು ಕಥೆ ಹಾಕುವ ಆ ಜಾಗ ಹುಡುಕಿದೆ. ಅಪ್ಪ ಅವತ್ತು ಗಟ್ಟಿಯಾಗಿ ಓದಿದ್ದರಿಂದ ನೀನು ಇಟ್ಟುಕೊಂಡ ಹೆಸರು ಗೊತ್ತಿತ್ತು. ನಾನು 'ಸೂಜಿ' ಅಂತ ಹೆಸರಿಟ್ಟುಕೊಂಡು ಸೇರಿದೆ. ಶುಕ್ರವಾರ ನಿನ್ನ ಅಧ್ಯಾಯ ಬಂತೆಂದರೆ ಮಿಷನ್ನು ನಿಲ್ಲಿಸಿ ಓದುತ್ತಿದ್ದೆ. ಡಾಕ್ಟರಿಗೆ ಮೂರು ಅಧ್ಯಾಯ ಜ್ವರ ಬಿಡದಿದ್ದಾಗ ಮಲಗಿರುವುದು ನೀನೇ ಅಂದುಕೊಂಡು ದೇವರಿಗೆ ಹರಕೆ ಹೊತ್ತೆ. ಕ್ಯಾಪ್ಟನ್ ಹೊಟ್ಟೆ ತುಂಬ ಉಂಡರೆ ನನಗೂ ಸಮಾಧಾನ. ನೀನು ಬದುಕಿದ್ದೀಯ, ನಡೆದಾಡುತ್ತಿದ್ದೀಯ ಅನ್ನುವುದಕ್ಕೆ ನನ್ನ ಬಳಿ ಇದ್ದ ಸುದ್ದಿ ಅದಿಷ್ಟೇ.

ಓದಿ ಓದಿ ನಾನೂ ಒಂದಿಷ್ಟು ಪಂಡಿತೆಯಾದೆ, ನಗಬೇಡ. ಕೆಳಗೆ ಅಭಿಪ್ರಾಯ ಬರೆಯುವವರನ್ನು ಅಳತೆ ತೆಗೆಯುವ ಹಾಗೆ ನೋಡುತ್ತಿದ್ದೆ. ಗಂಡಸರಲ್ಲಿ ಬಹಳ ಜನಕ್ಕೆ ಕ್ಯಾಪ್ಟನ್‌ಗೆ ಹಡಗಿನ ಮಾಲೀಕನ ಮಗಳೇ ಆಗಬೇಕು. ಅವಳು ಏನು ಮಾತಾಡುತ್ತಾಳೆ ಅನ್ನುವುದು ಅವರಿಗೆ ಬೇಕಿಲ್ಲ, ಕೊನೆಗೆ ಬಂದರಿನಲ್ಲಿ ಕಾಯುತ್ತಾ ನಿಂತಿದ್ದರೆ ಸಾಕು. ಹೆಂಗಸರು ಹೆಚ್ಚಿನವರು ನಿನ್ನ ಪಕ್ಷ. ಒಬ್ಬಳು ಹುಡುಗಿ ಮಾತ್ರ ಮಾಲೀಕನ ಮಗಳನ್ನು ಎಂಜಿನ್ ನೋಡಿಕೊಳ್ಳುವ ಹೆಂಗಸಿನ ಜೊತೆ ಸೇರಿಸಿ ಅಂತ ಮೂರು ಸಲ ಕೇಳಿಕೊಂಡಿದ್ದಳು, ಪಾಪ. ಬಸ್ ಓಡಿಸುವವನೊಬ್ಬ ಡಿಪೋದಲ್ಲಿ ಕೂತು ನಿನ್ನ ಕಥೆ ಕದ್ದು ಓದುತ್ತೇನೆ ಅಂತ ಬರೆದಿದ್ದ, ಹಾಗಾಗಿ ಇದನ್ನು ಕತ್ತರಿ ಆಡಿಸಿದ ಹಾಗೆ ಎರಡು ಭಾಗ ಮಾಡಲೂ ಆಗುವುದಿಲ್ಲ. ನಮ್ಮ ಅಂಗಡಿಗೆ ಬರುವ ಹೆಂಗಸರು ಜೇಬು ಇಡಿ, ಜೇಬು ಇಡಿ ಅಂತ ಕೇಳುತ್ತಾರಲ್ಲ, ಗಂಡಸರು ಯಾರೂ ಕೇಳುವುದಿಲ್ಲ, ಅವರಿಗೆ ಹೇಗೂ ಇರುತ್ತದೆ. ಡಾಕ್ಟರು ಕ್ಯಾಪ್ಟನ್‌ನ ಪಕ್ಕ ನಿಂತು "ಇವತ್ತು ನಾನು ತೊಳೀಲಾ, ನೀವು ತೊಳೀತೀರಾ?" ಅಂತ ಕೇಳುವುದನ್ನು ಓದಿದ ದಿನ ನಾನು ಯಾರದೋ ಪ್ಯಾಂಟಿನ ಮೇಲೆ ಅತ್ತುಬಿಟ್ಟೆ. ಇಪ್ಪತ್ತಾರು ವರ್ಷದ ಸಂಸಾರದಲ್ಲಿ ನನ್ನನ್ನು ಯಾರೂ ಹಾಗೆ ಕೇಳಿಲ್ಲ. ಆ ಪ್ಯಾಂಟಿಗೆ ಮತ್ತೆ ಇಸ್ತ್ರಿ ಹಾಕಬೇಕಾಯಿತು.

ನಲವತ್ತೊಂದನೇ ಅಧ್ಯಾಯದ ಕೆಳಗೆ 'ಹಳೇ ನಾವಿಕ' ಅನ್ನುವವನು ಬಂದ. ಇಬ್ಬರು ಗಂಡಸರ ಕಥೆ ಸಾಕು, ಕ್ಯಾಪ್ಟನ್‌ಗೆ ಮಾಲೀಕನ ಮಗಳನ್ನು ತಂದುಕೊಡು, ಎರಡು ಬೋಲ್ಟ್ ಇಟ್ಟುಕೊಂಡು ಯಾವ ಗಾಡಿ ಕಟ್ಟುತ್ತೀಯ ಅಂತ ಬರೆದ. "ಅಪ್ಪಾ, ಇಲ್ಲಿಗೂ ಬಂದ್ರಾ" ಅಂತ ಒಂದೇ ಸಾಲು ನಿನ್ನದು. ಮಾರನೇ ದಿನ ಬೆಳಿಗ್ಗೆ ಅಂಗಡಿ ಬಾಗಿಲು ತೆಗೆದು ನೋಡಿದರೆ ನಲವತ್ತೊಂದು ಅಧ್ಯಾಯವೂ ಇಲ್ಲ, ನೀನೂ ಇಲ್ಲ.

ನಿನ್ನ ಕ್ಯಾಪ್ಟನ್ ದಡಕ್ಕೆ ಬಂದಾಗ ಉಳಿಯುವ ಕೋಣೆಯ ಕೆಳಗೆ ಬ್ರೆಡ್ ಅಂಗಡಿ, ಎದುರಿಗೆ ಟಯರ್ ಅಂಗಡಿ, ಆಚೆ ದೊಡ್ಡಮುಳ್ಳು ಬಿದ್ದುಹೋದ ಗಡಿಯಾರ. ಅದು ನಿನ್ನದೇ ಕೋಣೆ ಅಂತ ಅನ್ನಿಸಿ ಭಾನುವಾರ ಭಾನುವಾರ ಬೀದಿ ಬೀದಿ ಸುತ್ತಿದೆ. ಆರನೇ ವಾರ ಸಿಕ್ಕಿತು. ಬಾಗಿಲು ತೆಗೆದದ್ದು ಈ ನರ್ಸ್. ಕಥೆ ಅಳಿಸಿದ ವಾರವೇ ನೀನು ಕೆಲಸ, ರೂಮು, ನಂಬರು ಎಲ್ಲ ಬಿಟ್ಟು ಹೋದೆಯಂತೆ, ಅಪ್ಪ ಹುಡುಕಿಕೊಂಡು ಬರುತ್ತಾರೆ ಅನ್ನುವ ಭಯಕ್ಕೆ.

ಅಪ್ಪ ಹುಡುಕುತ್ತಿಲ್ಲ ಮಗಳೇ. ಅವರಿಗೆ ಆ ಜಾಗವೇ ಗೊತ್ತಿಲ್ಲ, ಮೆಸೇಜು ಟೈಪ್ ಮಾಡಲೂ ಬರುವುದಿಲ್ಲ. ಆ ಭಾನುವಾರಕ್ಕಾಗಿ ಅವರನ್ನು ಎಷ್ಟು ಬೇಕಾದರೂ ದ್ವೇಷಿಸು, ಅದು ನ್ಯಾಯ. ನಾವಿಕನ ಮಾತಿಗೆ ಮಾತ್ರ ಬೇಡ. ಮತ್ತೆ ಬರೆಯುತ್ತೀಯ ಅನ್ನುವ ಆಸೆ ನನಗೂ ಉಳಿದಿಲ್ಲ. ಶುಕ್ರವಾರ ಸುಮ್ಮನೆ ಫೋನು ತೆಗೆದು ನೋಡಿ ಇಡುತ್ತೇನೆ.

ಎಲ್ಲಿದ್ದರೂ ನಿನ್ನ ಮೈ ಬೆಚ್ಚಗಿರಲಿ, ನಿನ್ನನ್ನು ಕೇಳಿ ನಡೆದುಕೊಳ್ಳುವವರು ಒಬ್ಬರಾದರೂ ಸಿಗಲಿ.

ನಿನ್ನ
ಅಮ್ಮ

ವಿ.ಸೂ.: ನರ್ಸ್ ಬಂದು ನಿಂತಿದ್ದಾಳೆ, ಬಸ್ಸಿಗೆ ಹೊತ್ತಾಯಿತು ಅನ್ನುತ್ತಿದ್ದಾಳೆ. ಹಳೇ ನಾವಿಕ ನಾನೇ ಗುಬ್ಬೀ. ತಿಂಗಳುಗಟ್ಟಲೆ ಸೂಜಿಯಾಗಿ ಹೊಗಳಿದೆ, ನೀನು ಪ್ರತಿ ಸಲ 'ಥ್ಯಾಂಕ್ಸ್' ಅಂತ ಒಂದೇ ಮಾತು ಹಾಕಿದೆ. ಜೋಡಿ ಸರಿಯಿಲ್ಲ ಅಂತ ಜಗಳಕ್ಕೆ ಬರುವ ಗಂಡಸರಿಗೆ ಮಾತ್ರ ನೀನು ಪುಟಗಟ್ಟಲೆ ಬರೆಯುತ್ತಿದ್ದೆ. ನನಗೂ ನಿನ್ನಿಂದ ಒಂದು ಪುಟ ಬೇಕಿತ್ತು. ಗಂಡಸಿನ ಹಾಗೆ ಜಗಳವಾಡಬೇಕೆಂದರೆ ನನಗೆ ಬರುತ್ತಿದ್ದದ್ದು ನಿನ್ನ ಅಪ್ಪನ ಮಾತೊಂದೇ, ಅದನ್ನೇ ಹಾಕಿದೆ. ನಿನ್ನ ಸಾಲು ಓದಿದ ಕೂಡಲೇ ಅಪ್ಪ ಅಲ್ಲ, ಅಮ್ಮ ಅಂತ ಬರೆಯಬೇಕಿತ್ತು. ಏನಂದುಕೊಳ್ಳುತ್ತೀಯೋ ಅಂತ ಹೆದರಿ ಬೆಳಿಗ್ಗೆ ಬರೆದರಾಯಿತು ಅಂತ ಮಲಗಿದೆ. ಬೆಳಿಗ್ಗೆ ಬರೆಯುವ ಜಾಗವೇ ಇರಲಿಲ್ಲ.