ಹನ್ನೊಂದನೇ ಸಂಖ್ಯೆಯ ರೋಗಿ ಗುಣವಾಗಿಲ್ಲ

ಮಾನ್ಯ ನಿರ್ದೇಶಕರೇ,

ನನ್ನ ಲೇಖನವನ್ನು ಹಿಂತೆಗೆಸಲು ಜರ್ನಲ್ಲಿಗೆ ಒಂದು ಪುಟದ ಪತ್ರ ಬರೆಯಿರಿ ಎಂದು ತಮ್ಮನ್ನು ಮೂರು ಸಲ ಬೇಡಿಕೊಂಡೆ. ತಾವು ಕಾರಿಡಾರಿನಲ್ಲಿ ನನ್ನ ಫೋಟೋಗೆ ಹೊಸ ಚೌಕಟ್ಟು ಹಾಕಿಸಿದಿರಿ. ಕೆಳಗೆ ಚಿನ್ನದ ಬಣ್ಣದಲ್ಲಿ 'ಆರುನೂರ ಹದಿಮೂರು ಉಲ್ಲೇಖಗಳು' ಎಂದು ಬರೆಸಿದಿರಿ. ಆ ಗೋಡೆ ತಪ್ಪಿಸಲು ನಾನೀಗ ಹಿಂಬಾಗಿಲಿನಿಂದ ವಾರ್ಡಿಗೆ ಹೋಗುತ್ತೇನೆ.

ಇದು ಬಹಿರಂಗ ಪತ್ರ, ಹೊರಗಿನವರೂ ಓದುತ್ತಾರಾದ್ದರಿಂದ ಒಂದು ಮಾತು. ಒಬ್ಬರ ಸಂಶೋಧನೆಯನ್ನು ಇನ್ನೊಬ್ಬರು ತಮ್ಮ ಲೇಖನದಲ್ಲಿ ಆಧಾರವಾಗಿ ಹೆಸರಿಸಿದರೆ ಅದು ಒಂದು ಉಲ್ಲೇಖ. ನಮ್ಮ ಬಡ್ತಿ, ಕುರ್ಚಿ, ಸಂಸ್ಥೆಯ ಸ್ಥಾನಮಾನ ಎಲ್ಲವೂ ಅದರ ಮೇಲೇ ನಿಂತಿವೆ. ಓದಿ ಹೆಸರಿಸಿದರೋ ಓದದೆಯೋ ಎಂದು ಕೇಳುವಷ್ಟು ಪುರುಸೊತ್ತು ಯಾರಿಗಿದೆ? ನನ್ನ ಲೇಖನ ಹೇಳುವುದಿಷ್ಟು: ನಮ್ಮ ವಾರ್ಡಿಗೆ ಬರುವ ಸಾಂಕ್ರಾಮಿಕ ಜ್ವರಕ್ಕೆ ಹತ್ತು ದಿನದ ಇಂಜೆಕ್ಷನ್ ಬೇಡ, ಐದು ದಿನ ಸಾಕು. ನಲವತ್ತೆರಡು ರೋಗಿಗಳು, ನಲವತ್ತೆರಡೂ ಗುಣ.

ನಿಜವಾಗಿ ಇಪ್ಪತ್ತೊಂದನೇ ದಿನದ ಮರುತಪಾಸಣೆಗೆ ಬಂದವರು ಮೂವತ್ತಮೂರು ಜನ. ಉಳಿದ ಒಂಬತ್ತು ಜನರನ್ನು ನಾನು ಕಂಡೇ ಇಲ್ಲ. ಆಗ ನನ್ನ ಮಾರ್ಗದರ್ಶಕರಾಗಿದ್ದ ತಾವೇ ನಮ್ಮ ವಿಭಾಗದ ವಾಡಿಕೆಯನ್ನು ಕಲಿಸಿದಿರಿ: "ಹುಷಾರಿಲ್ಲದಿದ್ರೆ ಓಡಿ ಬರ್ತಿದ್ರು ಕಣಮ್ಮಾ. ಬಂದಿಲ್ಲ ಅಂದ್ರೆ ಹುಷಾರಾಗಿದ್ದಾರೆ ಅಂತ. ಗುಣ ಅಂತ ಬರ್ಕೋ." ಬರೆದುಕೊಂಡೆ. ನಾನೇನು ಎಳೆ ಮಗುವಾಗಿರಲಿಲ್ಲ, ಆದ್ದರಿಂದ ತಪ್ಪು ತಮ್ಮದಷ್ಟೇ ಅಲ್ಲ.

ಹೋದ ವರ್ಷ ಒಬ್ಬ ಹೆಂಗಸು ಅದೇ ಜ್ವರ ಹೊತ್ತು ಹೊರರೋಗಿ ವಿಭಾಗಕ್ಕೆ ಬಂದಳು. ನಮ್ಮ ಕಿರಿಯ ವೈದ್ಯರು ನನ್ನ ಕಡೆ ಅಭಿಮಾನದಿಂದ ನೋಡುತ್ತಾ ಐದು ದಿನಕ್ಕೆ ಚೀಟಿ ಬರೆದರು. ಆಕೆ ಚೀಟಿ ಮುಟ್ಟಲಿಲ್ಲ.

"ನನ್ನ ತಂಗಿಗೂ ಐದೇ ದಿನ ಕೊಟ್ಟಿದ್ರಿ," ಎಂದಳು. "ಟೈಲರ್ ಆಗಿದ್ಲು. ಇದೇ ವಾರ್ಡು, ಕಿಟಕಿ ಪಕ್ಕದ ಮಂಚ. ಮನೆಗೆ ಬಂದ್ಮೇಲೆ ಮತ್ತೆ ಜ್ವರ ಬಂತು."

"ಹಾಗಾದ್ರೆ ಯಾಕಮ್ಮಾ ಕರ್ಕೊಂಡು ಬರ್ಲಿಲ್ಲ?" ಎಂದು ನಾನು ಕೇಳಿದೆ.

"ಗುಣ ಆಗಿದೆ ಅಂತ ನೀವೇ ಬರೆದು ಕೊಟ್ಟಿದ್ರಲ್ಲ. ಇದ್ಯಾವುದೋ ಬೇರೆ ಜ್ವರ ಅಂದ್ಕೊಂಡ್ವಿ. ನಾಲ್ಕು ದಿನಕ್ಕೆ ಹೋಗ್ಬಿಟ್ಲು."

ಏನು ಕೇಳುತ್ತಿದ್ದೇನೆಂಬ ಪರಿವೆಯೇ ಇಲ್ಲದೆ, ಮರುತಪಾಸಣೆಯ ದಿನವಾದರೂ ಯಾರಾದರೂ ಬಂದು ತಿಳಿಸಬಹುದಿತ್ತಲ್ಲ ಎಂದೆ. ಆಕೆ ನನ್ನ ಮುಖವನ್ನೇ ನೋಡಿದಳು. "ಸತ್ತವಳಿಗೆ ಮರುತಪಾಸಣೆ ಇರುತ್ತಾ, ಡಾಕ್ಟ್ರಮ್ಮಾ?"

ಆ ಚೀಟಿ ಹರಿದು ಹತ್ತು ದಿನಕ್ಕೆ ಬರೆದೆ. ಆಕೆ ಬದುಕಿದಳು. ಆಮೇಲೆ ಹಳೆಯ ರಿಜಿಸ್ಟರ್ ತೆಗೆದೆ. ಟೈಲರ್, ಹನ್ನೊಂದನೇ ಸಂಖ್ಯೆ, ಪಕ್ಕದಲ್ಲಿ ನನ್ನದೇ ಅಕ್ಷರ: ಗುಣ. ಆಕೆ ನನಗೆ ಚೆನ್ನಾಗಿ ನೆನಪಿದ್ದಾಳೆ. ನನ್ನ ಬಿಳಿ ಕೋಟಿನ ಗುಂಡಿ ಜೋತಾಡುತ್ತಿದ್ದುದನ್ನು ನೋಡಲಾರದೆ, "ಕೊಡಿ ಇಲ್ಲಿ, ಇಷ್ಟು ಓದಿದೋರು ಹೀಗಾ ಓಡಾಡೋದು?" ಎಂದು ಬೈದು ಮಂಚದಲ್ಲಿ ಕೂತೇ ಹೊಲಿದುಕೊಟ್ಟಿದ್ದಳು. ಒಂಬತ್ತು ವರ್ಷವಾಯಿತು, ಆ ಗುಂಡಿ ಇನ್ನೂ ಗಟ್ಟಿಯಾಗಿದೆ.

ಒಂಬತ್ತೂ ವಿಳಾಸಗಳಿಗೆ ನಾನೇ ಹೋದೆ. ನಾಲ್ವರು ಆರೋಗ್ಯವಾಗಿದ್ದರು. ಇಬ್ಬರು ಮನೆ ಬದಲಾಯಿಸಿದ್ದರು, ಪತ್ತೆಯಾಗಲಿಲ್ಲ. ಆ ಟೈಲರ್ ಕೂಡ ಸೇರಿ ಮೂವರು, ಬಿಟ್ಟ ಜ್ವರ ಮತ್ತೆ ಬಂದು ತೀರಿಕೊಂಡಿದ್ದರು. ಒಂದು ಮನೆಯಲ್ಲಿ ಮುದುಕರೊಬ್ಬರು ನನಗೆ ಕುರ್ಚಿ ಹಾಕಿ, "ಮಗನ ಬಗ್ಗೆ ಕೇಳ್ಕೊಂಡು ಬಂದ್ರಲ್ಲ, ಅಷ್ಟೇ ಸಾಕು ತಾಯಿ," ಎಂದರು. ಅವರು ಬೈದಿದ್ದರೆ ಅಂದು ನಿದ್ದೆಯಾದರೂ ಬರುತ್ತಿತ್ತೇನೋ.

ಈ ಪಟ್ಟಿ ಹಿಡಿದು ತಮ್ಮ ಕೋಣೆಗೆ ಬಂದಾಗ ತಾವು ಹೇಳಿದ್ದು ನನಗೆ ಬಾಯಿಪಾಠವಾಗಿದೆ. "ನಲವತ್ತೆರಡರಲ್ಲಿ ಮೂರು ತಾನೇ? ಅದಕ್ಕೆ ಆರುನೂರು ಉಲ್ಲೇಖ ನೀರಲ್ಲಿ ಹಾಕ್ತೀರಾ? ಲೇಖನದಲ್ಲಿ ನನ್ನ ಹೆಸರೂ ಇದೆ ಮೇಡಂ. ಸುಮ್ನಿದ್ಬಿಡಿ." ಅಲ್ಲ ಸ್ವಾಮಿ, ಎಷ್ಟನೆಯ ಹೆಣದಿಂದ ನಮಗೆ ಎಣಿಕೆ ಶುರುವಾಗುತ್ತದೆ? ಅದಕ್ಕೂ ಒಂದು ಸಮಿತಿ ಇದೆಯೇ? ನಮ್ಮ ಮೂರು ಮನೆಗಳನ್ನು ನಾನು ಹುಡುಕಿಕೊಂಡು ಹೋದೆ. ಆರುನೂರು ಲೇಖನಗಳನ್ನು ನಂಬಿ ಐದನೇ ದಿನಕ್ಕೆ ಸೂಜಿ ನಿಲ್ಲಿಸಿದ ಊರೂರಿನ ವಾರ್ಡುಗಳಲ್ಲಿ ಎಷ್ಟು ಮಂಚ ಖಾಲಿಯಾದವೆಂದು ಯಾರು ಹುಡುಕುತ್ತಾರೆ?

'ನಿಮ್ಮ ಲೇಖನ ಮತ್ತೊಮ್ಮೆ ಉಲ್ಲೇಖಗೊಂಡಿದೆ, ಅಭಿನಂದನೆಗಳು' ಎಂದು ಕಂಪ್ಯೂಟರ್ ತಿಳಿಸಿದಾಗಲೆಲ್ಲ ನನಗೆ ಕಿಟಕಿ ಪಕ್ಕದ ಆ ಮಂಚ ಕಾಣುತ್ತದೆ. ಆಕೆ ಕೂತು ದಾರ ಕಚ್ಚಿ ತುಂಡರಿಸುತ್ತಿರುತ್ತಾಳೆ. ಅಕ್ಕನ ಮನೆಯಲ್ಲಿ ಸತ್ತವಳನ್ನು ನಾವು ಲೇಖನದಿಂದ ಲೇಖನಕ್ಕೆ ಗುಣಪಡಿಸುತ್ತಲೇ ಇದ್ದೇವೆ. ನನಗೆ ಭಯವಾಗುತ್ತದೆ, ಸರ್. ವಾರ್ಡಿನಲ್ಲಿ ಆ ಮಂಚದ ಹತ್ತಿರ ಹೋಗಲು ಕಾಲೇ ಬರುವುದಿಲ್ಲ.

ನಾನೊಬ್ಬಳೇ ಬರೆದರೆ ಸಾಲದು, ರಿಜಿಸ್ಟರನ್ನು ಸಂಸ್ಥೆಯೇ ದೃಢೀಕರಿಸಬೇಕು ಎಂದು ಜರ್ನಲ್ಲಿನವರು ಹೇಳಿದ್ದಾರೆ. ಆ ರಿಜಿಸ್ಟರ್ ಈಗ ತಮ್ಮ ಬೀರುವಿನಲ್ಲಿದೆ. ಬೀಗ ತೆಗೆಯಿರಿ. ಲೇಖನವನ್ನು ಹಿಂತೆಗೆಸಿ, ಈ ಜ್ವರಕ್ಕೆ ಐದು ದಿನ ಸಾಲದೆಂದು ಎಲ್ಲ ಆಸ್ಪತ್ರೆಗಳಿಗೂ ತಿಳಿಸಿ. ನನ್ನ ಹುದ್ದೆ ಹೋಗುವುದಾದರೆ ಹೋಗಲಿ. ಈ ಪತ್ರ ಶುರು ಮಾಡಿದಾಗ ಆರುನೂರ ಹದಿಮೂರಿತ್ತು, ಈಗಷ್ಟೇ ಆರುನೂರ ಹದಿನಾಲ್ಕಾಯಿತು. ಹನ್ನೊಂದನೇ ಸಂಖ್ಯೆಯ ರೋಗಿ ಸತ್ತಿದ್ದಾಳೆ ಎಂದು ಒಂದೇ ಒಂದು ಸಲ ಅಚ್ಚು ಹಾಕಿಸಿ.

ಇಂತಿ,
ಆಕೆ ಹೊಲಿದ ಗುಂಡಿಯನ್ನು ಇನ್ನೂ ಹಾಕಿಕೊಂಡು ತಿರುಗುವ,
ತಮ್ಮ ಗೋಡೆಯ ಮೇಲೆ ನಗುತ್ತಿರುವ ಸಂಶೋಧಕಿ