‘ಗೊತ್ತಿಲ್ಲ’ ಎಂದವರ ಲೆಕ್ಕ

ಪ್ರೀತಿಯ ಆರ್ಡಿಸ್,

ನನ್ನ ಮನಸ್ಸು ಹದಕ್ಕೆ ಬರಲೆಂದು ನಿಮ್ಮಿಬ್ಬರ ಜೂನ್ ಮದುವೆಯನ್ನು ಅಕ್ಟೋಬರಿಗೆ ಮುಂದೂಡೋಣ ಎಂದು ನೀವು ಅಪ್ಪನಿಗೆ ಹೇಳಿದಿರಂತೆ. ನಿನ್ನೆ ಅವರು ನನ್ನ ಅಡುಗೆಮನೆಯಲ್ಲಿ ಕೂತು, ಕಾಫಿಗೆ ಸಕ್ಕರೆ ಹಾಕಿಕೊಳ್ಳುವುದನ್ನೂ ಮರೆತು ಇದನ್ನು ಹೇಳಿದರು. ದಯವಿಟ್ಟು ಮುಂದೂಡಬೇಡಿ. ಯಾಕೆಂದು ಎದುರಿಗೆ ಹೇಳುವಷ್ಟು ಬಾಯಿ ನನಗಿಲ್ಲ. ಈ ಕಣಿವೆಯಲ್ಲಿ ಹುಟ್ಟಿದ ಯಾರಿಗೂ ಇಲ್ಲ. ಅದಕ್ಕೇ ಈ ಪತ್ರ.

ಮಾರ್ಚ್ ತಿಂಗಳಲ್ಲಿ ಅಪ್ಪ ಮೂರನೆಯ ಸಲ ನಿಮ್ಮ ಬಾಗಿಲು ತಟ್ಟಿದ್ದು ಯಾಕೆಂದು ನಿಮಗೆ ಪೂರ್ತಿ ಗೊತ್ತಿರಲಾರದು. ಅದರ ಹಿಂದೆ ವಿಸ್ಕಾನ್ಸಿನ್ನಿನ ಮತದಾರರೆಲ್ಲ ಇದ್ದರು ಎಂದರೆ ನಗುತ್ತೀರಿ. ನಗಿ, ಪರವಾಗಿಲ್ಲ.

ಮದುವೆಯಾಗುತ್ತೀರಾ ಎಂದು ಚಳಿಗಾಲದಲ್ಲಿ ಅವರು ನಿಮ್ಮನ್ನು ಎರಡು ಸಲ ಕೇಳಿದ್ದರು. ಎರಡು ಸಲವೂ ನೀವು, “ಗೊತ್ತಿಲ್ಲ ಓರ್ವಿಲ್, ನೋಡೋಣ” ಎಂದಿರಿ. ಅದನ್ನು ‘ಬೇಡ’ ಎಂದು ತಿಳಿದ ಅಪ್ಪ, ಊರವರೆಲ್ಲ ಸೇರುವ, ನೀವೂ ಬರುವ ಶುಕ್ರವಾರದ ಮೀನೂಟಕ್ಕೆ ಹೋಗುವುದನ್ನೇ ಬಿಟ್ಟರು. ಜೀವಮಾನವೆಲ್ಲ ಚೀಸ್ ಮಾಡಿದ ಮನುಷ್ಯ, ರಾತ್ರಿ ಊಟಕ್ಕೆ ಬರೀ ಬ್ರೆಡ್ ತಿನ್ನತೊಡಗಿದರು. ಅಮ್ಮ ತೀರಿಕೊಂಡು ಆರು ವರ್ಷವಾದ ಮೇಲೆ ಅವರು ಸಿಳ್ಳೆ ಹಾಕಲು ಶುರು ಮಾಡಿದ್ದರು. ಅದೂ ನಿಂತಿತು.

ಅದೇ ಹೊತ್ತಿಗೆ, ನಾನು ಕೆಲಸ ಮಾಡುವ ಕಾಲೇಜಿನ ಮೊದಲ ಮತದಾರರ ಸಮೀಕ್ಷೆ ಬಂತು. ಅಧ್ಯಕ್ಷರ ಚುನಾವಣೆಗೆ ಇನ್ನೂ ಎಂಟು ತಿಂಗಳಿತ್ತು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವ ಕೆಲಸವೇ ನನ್ನ ಹೊಟ್ಟೆಪಾಡು. ಅತ್ತಿತ್ತ ವಾಲುವ ರಾಜ್ಯ ನಮ್ಮದು, ಹಾಗಾಗಿ ದೇಶವೆಲ್ಲ ನಮ್ಮ ಕಡೆಗೇ ಕಿವಿಗೊಟ್ಟಿತ್ತು. ಇಬ್ಬರು ಅಭ್ಯರ್ಥಿಗಳ ನಡುವೆ ಇದ್ದದ್ದು ನೂರಕ್ಕೆ ಒಂದೇ ಮತದ ಅಂತರ. ಲೆಕ್ಕವೇ ಮೂರು ಮತ ಆಚೀಚೆ ಆಗಬಹುದಾದಾಗ ಅದು ಅಂತರವೇ ಅಲ್ಲ. ಎಲ್ಲರ ಕಣ್ಣು ಕುಕ್ಕಿದ್ದು ಬೇರೆಯದು: ನೂರಕ್ಕೆ ಹದಿನೆಂಟು ಮಂದಿ ‘ಗೊತ್ತಿಲ್ಲ’ ಎಂದಿದ್ದರು. ಬಾಸ್ಟನ್ನಿನಿಂದ ಬಂದ ನಮ್ಮ ಹೊಸ ನಿರ್ದೇಶಕ ಗ್ರಾಂಟ್‌ಗೆ ಹಿಗ್ಗೋ ಹಿಗ್ಗು. “ಈ ರಾಜ್ಯಕ್ಕೆ ಇಬ್ಬರೂ ಬೇಡ, ಇದೇ ಸುದ್ದಿ” ಎಂದ.

ಗ್ರಾಂಟ್ ಒಳ್ಳೆಯವನೇ. ಆದರೆ ಅವನು ನಮ್ಮ ಚರ್ಚಿನ ನೆಲಮಾಳಿಗೆಯಲ್ಲಿ ಕಾಫಿ ಕುಡಿದವನಲ್ಲ. ಇಲ್ಲಿ ಮೊದಲ ಸಲ ಕೇಳಿದಾಗ ಯಾರು ತಾನೇ ಕಾಫಿ ಬೇಕು ಎನ್ನುತ್ತಾರೆ? “ಬೇಡ, ಈಗಷ್ಟೇ ಆಯ್ತು.” ಎರಡನೆಯ ಸಲ, “ಅಯ್ಯೋ, ನಿಮಗ್ಯಾಕೆ ತೊಂದ್ರೆ.” ಮೂರನೆಯ ಸಲ, “ಸರಿ, ಹೇಗೂ ಮಾಡಿದೀರಲ್ಲ, ಅರ್ಧ ಕಪ್ ಕೊಡಿ.” ಆಮೇಲೆ ಎರಡು ಕಪ್ ಕುಡಿದು ಎದ್ದು ಹೋಗುತ್ತಾರೆ. ಇಂಥ ಜನಕ್ಕೆ ಫೋನು ಮಾಡಿ ಅಧ್ಯಕ್ಷರು ಯಾರಾಗಬೇಕೆಂದು ಒಂದೇ ಸಲ ಕೇಳಿದರೆ ಇನ್ನೇನು ಹೇಳಿಯಾರು?

ಹಟ ಹಿಡಿದು ಅದೇ ಜನಕ್ಕೆ ಮತ್ತೆ ಫೋನು ಮಾಡಿಸಿದೆ. ಒತ್ತಾಯವಿಲ್ಲ; ಹವಾಮಾನ ವಿಚಾರಿಸುವುದು, ಆಮೇಲೆ ಮೆಲ್ಲಗೆ, ಯಾರ ಕಡೆ ಸ್ವಲ್ಪವಾದರೂ ವಾಲಿದ್ದೀರಾ ಎಂದು ಕೇಳುವುದು. ಮೂರನೆಯ ಸಲಕ್ಕೆ ಮುಕ್ಕಾಲು ಪಾಲು ಜನ ಬಾಯಿಬಿಟ್ಟರು. ಅವರ ಮನಸ್ಸು ಮೊದಲೇ ಗಟ್ಟಿಯಾಗಿತ್ತು. ಅರ್ಧ ಅವರಿಗೆ, ಅರ್ಧ ಇವರಿಗೆ ಹೋಗಿ ಅಂತರ ಮಾತ್ರ ಇದ್ದಲ್ಲೇ ಇತ್ತು, ಅದು ಬೇರೆ ಮಾತು.

ಇದನ್ನೆಲ್ಲ ನಮ್ಮೂರ ಗ್ರಂಥಾಲಯದಲ್ಲಿ ಜನರಿಗೆ ವಿವರಿಸುತ್ತಿದ್ದೆ. ಹಿಂದಿನ ಸಾಲಿನಲ್ಲಿ ಟೋಪಿ ಮಡಿಲಲ್ಲಿಟ್ಟುಕೊಂಡು ಅಪ್ಪ ಕೂತಿದ್ದರು. ಎಂದೂ ಸಭೆಯಲ್ಲಿ ಬಾಯಿ ತೆರೆಯದವರು ಕೈ ಎತ್ತಿದರು.

“ಹಂಗಾದ್ರೆ ‘ಗೊತ್ತಿಲ್ಲ’ ಅಂದ್ರೆ ‘ಬೇಡ’ ಅಂತ ಅಲ್ವಾ ಮಗಳೇ?”

“ಅಲ್ಲಪ್ಪ. ಬೇಡ ಅನ್ನೋರು ಫೋನ್ ಕುಕ್ಕಿಬಿಡ್ತಾರೆ.”

ಅಪ್ಪ ಯೋಚಿಸಿದರು. “ಅವಳು ಕುಕ್ಕಲಿಲ್ಲ. ಬಿಸಿ ಬಿಸಿ ಪೈ ಕೊಯ್ದು ಕೊಟ್ಲು,” ಎಂದರು, ಎಲ್ಲರಿಗೂ ಕೇಳಿಸುವಂತೆ. “ಎರಡು ಸಲಾನೂ.”

ಮುಂದಿನ ಸಾಲಿನ ನಿಮ್ಮ ತಂಗಿ ಜೊಯ್ಸ್ ಹಿಂದಕ್ಕೆ ತಿರುಗಿದಳು. “ಹಾಗಿದ್ರೆ ಇಲ್ಲೇನು ಮಾಡ್ತಿದ್ದೀಯ ಓರ್ವಿಲ್? ಎದ್ದು ಹೋಗು, ಅವಳು ಮನೇಲೇ ಇದಾಳೆ.”

ಅವರು ಎದ್ದೇ ಹೋದರು. ನ್ಯೂಯಾರ್ಕಿನ ವರದಿಗಾರನೊಬ್ಬ ಮಾತ್ರ, ಈ ಆರ್ಡಿಸ್ ಯಾವ ಪಕ್ಷದವರು ಎಂದು ನನ್ನನ್ನು ಕೇಳಿದ. ಹಿಮ ಬೀಳುವ ರಸ್ತೆಯಲ್ಲಿ ಅಪ್ಪ ಟ್ರಕ್ಕು ಓಡಿಸಿಕೊಂಡು ಬಂದು ಕೇಳಿದಾಗ ನೀವು ಕೊಟ್ಟ ಉತ್ತರ ಈಗ ಊರಿಗೆಲ್ಲ ಬಾಯಿಪಾಠ: “ನಿಮಗೇನೂ ತೊಂದ್ರೆ ಇಲ್ಲಾಂದ್ರೆ ಆಗಬಹುದು.” ಅಂದು ನನ್ನ ಮನೆಗೆ ಬಂದ ಅಪ್ಪನ ಸಿಳ್ಳೆ ಅಂಗಳದಿಂದಲೇ ಕೇಳಿಸಿತು. ನಾನು ಪಾತ್ರೆ ತೊಳೆಯುತ್ತ ಅತ್ತುಬಿಟ್ಟೆ, ಆರ್ಡಿಸ್. ಖುಷಿಗೇ ಅತ್ತೆ.

ಈಗ ನಮ್ಮಿಬ್ಬರ ವಿಷಯ. ಏಪ್ರಿಲ್‌ನಲ್ಲಿ ನೀವು, “ಮದುವೆ ದಿನ ಸಾಕ್ಷಿಯಾಗಿ ನನ್ನ ಪಕ್ಕ ನಿಲ್ತೀಯಾ ಸಿಗ್ನೆ?” ಎಂದು ಕೇಳಿದಿರಿ. “ನೋಡೋಣ” ಎಂದೆ. ಕಳೆದ ಭಾನುವಾರ ಚರ್ಚಿನ ಮುಂದೆ ಮತ್ತೆ ಕೇಳಿದಿರಿ. “ಆಮೇಲೆ ಹೇಳ್ತೀನಿ” ಎಂದೆ. ಮೂವತ್ತು ವರ್ಷ ಶಾಲಾ ಬಸ್ಸು ಓಡಿಸಿದವರು ನೀವು, ಕನ್ನಡಿಯಲ್ಲೇ ಹಿಂದಿನ ಸೀಟಿನವರ ಮನಸ್ಸು ಓದುತ್ತಿದ್ದಿರಿ. ಮೊದಲ ದಿನ ಶಾಲೆಗೆ ಹೋಗುವಾಗ ಅಳುತ್ತಿದ್ದ ನನ್ನನ್ನು ನಿಮ್ಮ ಬೆನ್ನಹಿಂದಿನ ಸೀಟಿನಲ್ಲೇ ಕೂರಿಸಿಕೊಂಡಿದ್ದಿರಿ. ಅಂಥವರೂ ನನ್ನ ಮಾತನ್ನು ‘ಬೇಡ’ ಎಂದು ಓದಿದಿರಲ್ಲ.

ಎರಡೇ ಸಲ ಕೇಳಿ ಯಾರಾದರೂ ಲೆಕ್ಕ ಮುಗಿಸುತ್ತಾರೆಯೇ? ನಾಳೆ ಸಂಜೆ ಬನ್ನಿ. ಕಾಫಿ ಇಟ್ಟಿರುತ್ತೇನೆ. ನೀವು ಬೇಡ ಎನ್ನುವಿರಿ, ನಾನು ಮೂರು ಸಲ ಉಪಚಾರ ಹೇಳುತ್ತೇನೆ. ಆಮೇಲೆ ನೀವು ಕೇಳಬೇಕಾದ್ದನ್ನು ಕೇಳಿ. ಬಂದಾಗ ನನ್ನ ಕೋಣೆಯ ಬಾಗಿಲ ಹಿಂದೆ ಮಾತ್ರ ನೋಡಬೇಡಿ. ಜೂನ್ ಮದುವೆಗೆಂದು ಹೊಲಿಸಿದ ನೀಲಿ ಉಡುಪು ಏಪ್ರಿಲ್‌ನಿಂದ ಅಲ್ಲೇ ನೇತಾಡುತ್ತಿದೆ.

ನಿಮ್ಮಿಬ್ಬರ ಮನೆಯಲ್ಲಿ ಸಿಳ್ಳೆ ನಿಲ್ಲದಿರಲಿ, ಪೈ ತಣ್ಣಗಾಗದಿರಲಿ.

ನಿಮ್ಮ ಬೆನ್ನಹಿಂದಿನ ಸೀಟಿನವಳು,
ಸಿಗ್ನೆ