ಹಗೇವು ಮುಚ್ಚಿದ ವರ್ಷ

ಆವರಗೆರೆ
ತಾ. ೧೧–೧೧–೧೯೬೫

ಯಜಮಾನರಿಗೆ ಅಂಜಿನವ್ವನ ನಮಸ್ಕಾರಗಳು.

ಕಾಗದ ಶುರು ಮಾಡುವಾಗ ಮೊದಲು ಕ್ಷೇಮ ಅಂತ ಬರೆಯಬೇಕು ಅಂತ ಶಾಲೆಯಲ್ಲಿ ಕಲಿಸಿದ್ದರು. ಏನಂತ ಬರೀಲಿ ಅಂತ ಅಕ್ಕನನ್ನು ಕೇಳಿದೆ. ಪಕ್ಕದಲ್ಲೇ ಕೂತು ನವಣೆ ಕೇರುತ್ತಾ ಇದ್ದಾಳೆ. ಮೊರದಿಂದ ಕಣ್ಣು ತೆಗೆಯದೆ, “ಇದೀವಿ ಅಂತ ಬರಿ” ಅಂದಳು. ಇದ್ದೇವೆ. ನಿಮ್ಮ ಅವ್ವ ಇದ್ದಾರೆ, ನಿಮ್ಮ ಅತ್ತಿಗೆ ಕೊಟ್ರವ್ವಕ್ಕ ಇದ್ದಾಳೆ, ನಾನು ಇದ್ದೇನೆ. ಎಮ್ಮೆ ಇದೆ. ಎತ್ತು ಒಂದೇ ಉಳಿದಿದೆ, ಅದರ ವಿಷಯ ಮುಂದೆ ಬರೆಯುತ್ತೇನೆ.

ಬರುವ ಅಮಾವಾಸ್ಯೆಗೆ ಭಾವನವರು ತೀರಿಕೊಂಡು ವರ್ಷವಾಗುತ್ತದೆ. ಎಡೆ ಇಡಬೇಕು. ಅದಕ್ಕೇ ಅಕ್ಕ ಈ ಕಾಗದ ಬರೆಸುತ್ತಿದ್ದಾಳೆ. ನೀವು ಹರಿಹರದಲ್ಲಿ ಹೊಳೆ ದಂಡೆಯ ಇಟ್ಟಿಗೆ ಭಟ್ಟಿಯಲ್ಲಿ ಇದ್ದೀರಿ ಅಂತ ಮಕ್ತುಮ್ ಸಾಬರು ಹೇಳಿದರು. ಸಂತೆಗೆ ಬಂಡಿ ಕಟ್ಟಿಕೊಂಡು ಹೋದಾಗ ದೂರದಿಂದ ನೋಡಿದರಂತೆ. ಈ ಕಾಗದವನ್ನೂ ಅವರ ಕೈಯಲ್ಲೇ ಕಳಿಸುತ್ತಿದ್ದೇನೆ.

ಆವತ್ತಿನ ವಿಷಯ ನಿಮಗೆ ಗೊತ್ತಿರುವುದೇ. ಆದರೂ ಬರೆಯುತ್ತೇನೆ. ಈ ಮನೆಯಲ್ಲಿ ಮೂವರು ಹೆಂಗಸರು ಒಂದು ವರ್ಷದಿಂದ ಅದರ ಮಾತೆತ್ತಿಲ್ಲ. ಬಾಯಲ್ಲಿ ಬರುವುದಿಲ್ಲ, ಕೈಯಲ್ಲಾದರೂ ಬರುತ್ತದೋ ನೋಡೋಣ.

ಕಾರ್ತಿಕದಲ್ಲಿ ಅಂಥ ಮಳೆ ಅವ್ವ ಕೂಡ ಕಂಡಿರಲಿಲ್ಲ. ತೆನೆ ಹಾಲು ತುಂಬಿದ್ದ ಹೊತ್ತಿನಲ್ಲಿ ಹಿಡಿದದ್ದು ಬಿಡಲೇ ಇಲ್ಲ. ಬಾತಿ ಕೆರೆ ಕೋಡಿ ಬಿತ್ತು. ಹೊಲದಲ್ಲಿ ಜೋಳ ನಿಂತಲ್ಲೇ ಕಪ್ಪಾಯಿತು, ಕಣದಲ್ಲಿದ್ದ ಹಳೆಯ ಸೊಪ್ಪೆ ಬಣವಿ ಒಳಗಿನಿಂದ ಕೊಳೆತು ಬಿಸಿಯಾಯಿತು. ಹೋದರೆ ಹೋಗಲಿ, ನೆಲದಡಿಯ ಹಗೇವಿನಲ್ಲಿ ಹಿಂದಿನ ವರ್ಷದ ಜೋಳ ಐತಲ್ಲ, ಎರಡು ವರ್ಷ ಕೂತು ಉಣ್ಣಬಹುದು ಅಂತ ಭಾವನವರು ಎಲ್ಲರಿಗೂ ಧೈರ್ಯ ಹೇಳುತ್ತಿದ್ದರು. ಅದು ನಿಜವೂ ಹೌದು. ಈ ಮನೆಗೆ ಸೊಸೆಯಾಗಿ ಬಂದಾಗಿನಿಂದ ಉಪ್ಪು, ಚಿಮಣಿ ಎಣ್ಣೆ, ಬಟ್ಟೆ ಬಿಟ್ಟರೆ ಅಂಗಡಿಯಿಂದ ಏನೂ ಬಂದದ್ದು ನಾನು ನೋಡಿರಲಿಲ್ಲ. ಜೋಳ ನಮ್ಮದು, ತೊಗರಿ ನಮ್ಮದು, ಮೆಣಸಿನಕಾಯಿ ನಮ್ಮದು, ಕುಸುಬಿ ಕೊಟ್ಟು ಗಾಣದಿಂದ ಎಣ್ಣೆ ತರುತ್ತಿದ್ದೆವು.

ಮಳೆ ನಿಂತು ಹೊಳವಾದ ಬೆಳಗ್ಗೆ ಹಗೇವಿನ ಬಾಯಿಯ ಸುತ್ತ ಮಣ್ಣು ಕುಸಿದಿದ್ದನ್ನು ಮೊದಲು ಕಂಡವರು ಅವ್ವ. ಕಲ್ಲು ಸರಿಸಿದಾಗ ಹುಳಿ ವಾಸನೆ ಬಂತು. ನೀರು ಒಳಗೆ ಇಳಿದಿತ್ತು. ಭಾವನವರಿಗೆ ಆಗಲೇ ಇಳಿಯಬೇಕು, ಮೇಲಿನ ಒಣ ಜೋಳವನ್ನಾದರೂ ತೆಗೆಯಬೇಕು ಅಂತ ಆತುರ. ಮೂಡಲಲ್ಲಿ ಮತ್ತೆ ಮೋಡ ಕಟ್ಟುತ್ತಿತ್ತು. ನೀವು, “ಅಣ್ಣ, ತಡಿ, ಒಳಗೆ ಕೆಟ್ಟ ಗಾಳಿ ಇದ್ದೀತು, ದೀಪ ಇಳಿಸಿ ನೋಡೋಣ, ಗಾಳಿ ಆಡ್ಲಿ” ಅಂದಿರಿ. ಅವರು, “ಮಳಿ ಬಂದ್ರೆ ದೀಪ ಉಣ್ತೀಯೇನು?” ಅಂದು ಹಗ್ಗ ಸೊಂಟಕ್ಕೂ ಕಟ್ಟಿಕೊಳ್ಳದೆ, ಕೈಯಲ್ಲಿ ಹಿಡಿದುಕೊಂಡೇ ಇಳಿದರು. ಆಮೇಲೆ ಹಗ್ಗ ಸಡಿಲಾಯಿತು. ನೀವು ಕರೆದಿರಿ. ಅವರು ಓ ಅನ್ನಲಿಲ್ಲ.

ನೀವು ಇಳಿಯಲು ಹೋದಿರಿ. ನಾನು ಹಿಂದಿನಿಂದ ನಿಮ್ಮ ಧೋತರ ಹಿಡಿದೆ, ಅದು ಬಿಚ್ಚಿ ಬರುತ್ತಿದ್ದ ಹಾಗೆ ನಡುವನ್ನೇ ತಬ್ಬಿಕೊಂಡೆ. ನೀವು ನನ್ನನ್ನು ಹೊಡೆದಿರಿ. ಅದರಿಂದ ನನಗೆ ನೋವಾಗಲಿಲ್ಲ. ಅಷ್ಟರಲ್ಲಿ ಜನ ಬಂದರು, ಕೊಕ್ಕೆ ಹಾಕಿ ಎತ್ತಿದರು. ಅವರ ಮುಖಕ್ಕೆ ಜೋಳ ಅಂಟಿತ್ತು. ಅಕ್ಕ ಅದನ್ನು ಒಂದೊಂದಾಗಿ ಬಿಡಿಸುತ್ತಾ ಕೂತಿದ್ದಳು. ಯಾರು ಏಳಿಸಿದರೂ ಏಳಲಿಲ್ಲ.

ಆವತ್ತಿನಿಂದ ನೀವು ನನ್ನ ಜೊತೆ ಮಾತಾಡಲಿಲ್ಲ. ಕರ್ಮ ಮುಗಿದ ಮೇಲೆ ಹೆಗಲ ಮೇಲೆ ಟವೆಲ್ ಹಾಕಿಕೊಂಡು ಹೊರಟವರು ತಿರುಗಿ ಬರಲಿಲ್ಲ. ನಾನು ಹಿಡಿದದ್ದಕ್ಕೇ ನೀವು ಹೋದಿರಿ ಅಂತ ನನಗೆ ಗೊತ್ತು. ಹಿಡಿದದ್ದು ತಪ್ಪು ಅಂತ ಒಂದು ದಿನವೂ ಅನ್ನಿಸಿಲ್ಲ. ಇನ್ನೊಂದು ಸಲ ಹಾಗೇ ಆದರೂ ಹಿಡಿಯುತ್ತೇನೆ.

ಇದಿಷ್ಟು ಓದಿ ಹೇಳಿದೆ. ಅಕ್ಕ ಮೊರ ಕೆಳಗಿಟ್ಟು, “ನನ್ನ ಮಾತೂ ಒಂದು ಬರಿ” ಅಂದಳು. ಅವಳು ಹೇಳಿದ್ದನ್ನು ಹಾಗೇ ಬರೆಯುತ್ತೇನೆ: “ರೇವಣ್ಣ, ನೀನು ತಡಿ ಅಂದದ್ದು ನನ್ನ ಕಿವಿಗೆ ಬಿದ್ದೈತೆ. ಅವರು ಕೇಳ್ಲಿಲ್ಲ. ಯಾರ ಮಾತೂ ಕೇಳೋ ಮನುಷ್ಯ ಅಲ್ಲ ಅಂತ ನಿನಗಿಂತ ನನಗೆ ಚೆನ್ನಾಗಿ ಗೊತ್ತು. ಊರಾಗೆ ಏನೇನೋ ಅಂದ್ರು, ನಾನು ಅಂದಿಲ್ಲ. ನೀನು ಇದ್ದು ಅಳ್ಬೇಕಿತ್ತು, ಹೋಗಬಾರದಿತ್ತು.”

ಇಷ್ಟು ಹೇಳಿ ಮತ್ತೆ ಮೊರ ತೆಗೆದುಕೊಂಡಳು.

ಈಗ ನಿಮಗೆ ಗೊತ್ತಿಲ್ಲದ್ದನ್ನು ಬರೆಯುತ್ತೇನೆ.

ಹಗೇವಿನ ಜೋಳವನ್ನು ಯಾರೂ ತೆಗೆಯಲಿಲ್ಲ. ಹಾಗೇ ಬಿಟ್ಟು, ನಾವು ಮೂವರೂ ಬುಟ್ಟಿಯಲ್ಲಿ ಮಣ್ಣು ಹೊತ್ತು ಅದನ್ನು ಮುಚ್ಚಿದೆವು. ಅವ್ವ ಬೇಡ ಅನ್ನುತ್ತಾರೆ ಅಂದುಕೊಂಡಿದ್ದೆ. ನಿಮ್ಮ ತಾತ ತೋಡಿಸಿದ್ದಲ್ಲವೇ ಅದು. ಎಲ್ಲರಿಗಿಂತ ಮೊದಲು ಬುಟ್ಟಿ ಎತ್ತಿದವರು ಅವರೇ. ಈಗ ಅಲ್ಲಿ ಎಮ್ಮೆ ಕಟ್ಟುತ್ತೇವೆ.

ಅಡಕಲು ಗಡಿಗೆಗಳಲ್ಲಿ ಇದ್ದದ್ದು ಸಂಕ್ರಾಂತಿ ದಾಟುವ ಹೊತ್ತಿಗೆ ಮುಗಿಯಿತು. ಮೇವಿಲ್ಲದೆ, ಕಂದು ಬಣ್ಣದ ಎತ್ತನ್ನು ಮಾರಿದೆವು. ಕೊಂಡವನು ಹಗ್ಗ ಎಳೆದಾಗ ಅದು ಹೋಗಲಿಲ್ಲ, ನಾನೇ ದಾವಣಗೆರೆ ರಸ್ತೆಯವರೆಗೂ ಜೊತೆಗೆ ನಡೆದು ಬಿಟ್ಟು ಬಂದೆ. ನನಗೆ ಅಳು ಬರುತ್ತದೆ ಅಂದುಕೊಂಡಿದ್ದೆ. ಬರಲಿಲ್ಲ.

ಆಮೇಲೆ ಜೋಳ ಕೊಳ್ಳಲು ನಾನು, ಅಕ್ಕ ಪೇಟೆಗೆ ಹೋದೆವು. ಮಂಡಿಯಲ್ಲಿ ನಮ್ಮ ಮಾಲು ಯಾವಾಗಲೂ ತೂಗುತ್ತಿದ್ದ ಅದೇ ಅಂಗಡಿ. ಮುನೀಮ ಅಕ್ಕನ ಗುರುತು ಹಿಡಿದು, “ಬರ್ರಿ ತಾಯಿ, ಈ ಸಲ ಎಷ್ಟು ಚೀಲ ತಂದೀರಿ? ರೇಟು ಏರೈತೆ, ಒಳ್ಳೆ ಟೈಮಿಗೆ ಬಂದೀರಿ” ಅಂದ. ನಾನು, “ತಗೊಂಡು ಹೋಗಾಕೆ ಬಂದೀವಿ” ಅಂದೆ. ಅವನು ಒಂದು ಗಳಿಗೆ ನಮ್ಮಿಬ್ಬರ ಮುಖ ನೋಡಿ, ಆಮೇಲೆ ತಕ್ಕಡಿಯ ಕಡೆ ತಿರುಗಿದ. ರೇಟು ಕೇಳಿ ಅಕ್ಕ ತಂದ ಚೀಲವನ್ನು ಮಡಚಿ ಕಂಕುಳಲ್ಲಿ ಇಟ್ಟುಕೊಂಡು, ಸೆರಗಿನ ತುದಿ ಬಿಚ್ಚಿ, “ಇದರಾಗೆ ಹಿಡಿಯೋವಷ್ಟು ಕೊಡು” ಅಂದಳು. ಜೋಳವನ್ನು ಸೆರಗಿನಲ್ಲಿ ಕಟ್ಟಿಕೊಂಡು ಮನೆಗೆ ಬಂದೆವು.

ಬೇಸಗೆಯಲ್ಲಿ ರೇಷನ್ ಕಾರ್ಡು ಮಾಡಿಸಿದೆವು. ಸೊಸೈಟಿಯಲ್ಲಿ ಅಮೆರಿಕದ ಕೆಂಪು ಜೋಳ ಕೊಡುತ್ತಾರೆ. ಅದರ ಹಿಟ್ಟು ನಾದಿದರೆ ಕೂಡುವುದಿಲ್ಲ, ರೊಟ್ಟಿ ತಟ್ಟಿದರೆ ಅಂಚು ಬಿರಿದು ಕೈಗೇ ಬರುತ್ತದೆ. ಅವ್ವ ಮುಟ್ಟಲಿಲ್ಲ. “ಇದು ದನಕ್ಕೆ ಹಾಕೋದು” ಅಂದು ನೀರು ಕುಡಿದು ಮಲಗಿದರು. ಮಾರನೆಯ ದಿನವೂ ಹಾಗೇ ಮಾಡಿದರು. ಅಕ್ಕ ಅದನ್ನು ಒಡೆದು ನುಚ್ಚು ಮಾಡಿ, ಹೊಲದಿಂದ ಅಣ್ಣೆ ಸೊಪ್ಪು ತಂದು, ಮಜ್ಜಿಗೆ ಹಾಕಿ ಕಲೆಸಿ ಅವರ ಮುಂದೆ ಇಟ್ಟಳು. ತಾನು ಎದುರಿಗೆ ಕೂತು, “ನೀವು ಉಣ್ಣೋತನಕ ನಾನೂ ಉಣ್ಣಂಗಿಲ್ಲ” ಅಂದಳು. ಗಂಡನನ್ನು ಕಳಕೊಂಡ ಸೊಸೆ ಹಸಿದು ಕೂರುವುದನ್ನು ಅವ್ವನಿಗೆ ನೋಡಲಾಗಲಿಲ್ಲವೇನೋ. ಉಂಡರು. ಆವತ್ತಿನಿಂದ ಏನು ಬಡಿಸಿದರೂ ಉಣ್ಣುತ್ತಾರೆ, ರುಚಿ ಹೇಳುವುದಿಲ್ಲ. ಮೊದಲು ಸಾರಿಗೆ ಉಪ್ಪು ಒಂದು ಹರಳು ಹೆಚ್ಚಾದರೂ ಬೈಯುತ್ತಿದ್ದವರು.

ನಾನು ಜೈನಾಬಿಯ ಜೊತೆ ಪೇಟೆಯ ಹತ್ತಿ ಜಿನ್ನಿಂಗ್ ಫ್ಯಾಕ್ಟರಿಗೆ ಕೂಲಿಗೆ ಹೋಗುತ್ತಿದ್ದೇನೆ. ಜೈನಾಬಿ ಅಂದರೆ ಮಕ್ತುಮ್ ಸಾಬರ ಹೆಂಡತಿ, ನಿಮಗೆ ಗೊತ್ತಲ್ಲ. ಅರಳೆ ಆರಿಸುವ ಕೆಲಸ. ಸಂಜೆ ಹೊತ್ತಿಗೆ ಮೂಗು, ರೆಪ್ಪೆಯಲ್ಲೆಲ್ಲಾ ಹತ್ತಿಯ ಎಳೆ. ನಮ್ಮ ಮನೆಯ ಹೆಂಗಸರು ಕೂಲಿಗೆ ಹೋದದ್ದಿಲ್ಲ ಅಂತ ಅವ್ವ ಅನ್ನಬಹುದು ಅಂತ ಹೆದರಿದ್ದೆ. ಮೊದಲ ದಿನ ಹೊರಟಾಗ ಬುತ್ತಿ ಕಟ್ಟಿ ಬಾಗಿಲಲ್ಲಿ ನಿಂತಿದ್ದರು.

ಈ ವರ್ಷ ಮಳೆ ಕೈ ಕೊಟ್ಟದ್ದು ಅಲ್ಲಿಯೂ ಗೊತ್ತಾಗಿರಬೇಕು, ಹೊಳೆಯಲ್ಲಿ ನೀರು ನೋಡಿದರೆ ತಿಳಿಯುತ್ತದೆ. ಹೋದ ವರ್ಷ ಕೊಳೆಸಿತು, ಈ ವರ್ಷ ಒಣಗಿಸಿತು. ರೇಟು ಇದೆ ಅಂತ ಊರಿನವರೆಲ್ಲ ಜೋಳ, ಹತ್ತಿ ಬಿತ್ತಿದರು. ಅಕ್ಕ ಮಾತ್ರ ತನ್ನ ತವರು ಬಾತಿಗೆ ಹೋಗಿ ನವಣೆ ಬೀಜ, ಹಾರಕದ ಬೀಜ ಕಟ್ಟಿಸಿಕೊಂಡು ಬಂದಳು. ಮಾರಕ್ಕೆ ಬ್ಯಾಡ, ಉಣ್ಣಾಕೆ ಬೆಳೀಬೇಕು, ಮಳೆ ಒಂದೆರಡು ಬಂದರೂ ನವಣೆ ಕೈಗೆ ಸಿಗುತ್ತದೆ ಅಂದಳು. ಮಕ್ತುಮ್ ಸಾಬರು ತಮ್ಮ ಬಂಡಿ ಎತ್ತಿನಲ್ಲಿ ಒಂದನ್ನು ನಮ್ಮದರ ಜೋಡಿ ಹೂಡಲು ಕೊಟ್ಟರು. ಬಿತ್ತುವ ಕೂರಿಗೆ ಹಿಡಿಯಲು ಆಳು ಕೇಳಿದರೆ ಎಲ್ಲರೂ ನಾಳೆ ನಾಳೆ ಅಂದರು. ನೆಲದ ಹದ ಆರುತ್ತಿತ್ತು. ಕೊನೆಗೆ ಅಕ್ಕ ಸೀರೆ ಎತ್ತಿ ಕಟ್ಟಿ ಕೂರಿಗೆ ಹಿಡಿದಳು. ನಾನು ಬೀಜ ಬಿಟ್ಟೆ.

ಪಕ್ಕದ ಹೊಲದ ಹುಲಿಯಪ್ಪ ಮಾವ ಬದುವಿನ ಮೇಲೆ ನಿಂತು, “ಏನವ್ವಾ ಕೊಟ್ರವ್ವ, ಗಂಡ ಸತ್ತ ಹೆಂಗಸು ಕೂರಿಗೆ ಹಿಡಿದ್ರೆ ಊರಿಗೆ ಮಳಿ ಹೆಂಗೆ ಬರ್ತೈತೆ?” ಅಂದರು. ಅಕ್ಕ ಎತ್ತು ನಿಲ್ಲಿಸಲಿಲ್ಲ. “ಹೋದ ವರ್ಷ ಗಂಡಸ್ರೇ ಹಿಡಿದಿದ್ರಲ್ಲ ಮಾವ, ಬ್ಯಾಡ ಅಂದ್ರೂ ಬಂತು. ಈ ವರ್ಷ ನೀವೂ ಹಿಡಿದೀರಿ, ಎಲ್ಲಿ ಐತೆ?” ಅಂದು ಸಾಲು ಮುಗಿಸಿ ತಿರುವಿದಳು. ಮಾವ ಇಳಿದು ಬಂದು, ಸಾಲು ಡೊಂಕಾಗ್ತೈತೆ ಅಂತ ಎತ್ತಿನ ಮೂಗುದಾರ ಹಿಡಿದು ಮುಂದೆ ನಡೆದರು. ಹೊಲ ಮುಗಿಯುವತನಕ ಇದ್ದರು.

ನವಣೆ ಬಂತು. ಹೆಚ್ಚೇನೂ ಅಲ್ಲ. ತೆನೆ ಗಿಡ್ಡ, ಕಾಳು ಸಣ್ಣ. ಹಾರಕವೂ ಒಂದಿಷ್ಟು. ನಡುಮನೆಯಲ್ಲಿ ಬಿದಿರಿನ ಕಣಜ ಹೆಣೆಸಿ, ಸಗಣಿ ಬಳಿದು, ಬೇವಿನ ಸೊಪ್ಪು, ಬೂದಿ ಹಾಕಿ ತುಂಬಿದ್ದೇವೆ. ನೆಲದ ಮೇಲಲ್ಲ, ಕಲ್ಲಿನ ಮೇಲೆ ಇಟ್ಟಿದ್ದೇವೆ, ನೀರು ಬಂದರೂ ಕೆಳಗಿಂದ ಹೋಗಲಿ ಅಂತ. ನಿಂತುಕೊಂಡೇ ಕೈ ಹಾಕಿ ತೆಗೆಯಬಹುದು, ಯಾರೂ ಒಳಗೆ ಇಳಿಯಬೇಕಾಗಿಲ್ಲ. ಯುಗಾದಿವರೆಗೆ ಆಗಬಹುದು. ಊರಲ್ಲಿ ಜೋಳ ಬಿತ್ತಿದವರ ಹೊಲ ಬರಿದಾಗಿದೆ. ಹುಲಿಯಪ್ಪ ಮಾವನ ಮನೆಯಿಂದ ನಮ್ಮಲ್ಲಿಗೆ ನವಣೆ ಕೇಳಿ ಕಳಿಸಿದ್ದರು, ಅಕ್ಕ ತುಂಬಿದ ಮೊರ ಕೊಟ್ಟು ಕಳಿಸಿದಳು.

ಕಾಳು ಮನೆಗೆ ಬಂದ ದಿನ ನಾನು ಸಂತೋಷ ಪಡಬೇಕಿತ್ತು. ಅಕ್ಕ ದೀಪ ಹಚ್ಚಿದಳು, ಕೈ ಮುಗಿದೆವು, ಉಂಡೆವು, ಮಲಗಿದೆವು. ಹಲ್ಲು ಕೀಳಿಸಿಕೊಂಡ ಮೇಲೆ ದವಡೆ ಇರುತ್ತದಲ್ಲ, ಹಾಗಿದೆ ನನಗೆ. ಅಗಿಯುತ್ತೇನೆ, ಮಾತಾಡುತ್ತೇನೆ, ಅದು ನನ್ನದು ಅನ್ನಿಸುವುದಿಲ್ಲ. ಜೈನಾಬಿಗೆ ಹೇಳಿದೆ. ಹಾಗೇ ಇರ್ತದೆ, ಒಂದಿನ ನೋವು ಶುರುವಾಗ್ತದೆ, ಆವಾಗ ವಾಸಿಯಾಗ್ತಿದೆ ಅಂತ ತಿಳ್ಕೋ ಅಂದಳು.

ಅಮಾವಾಸ್ಯೆ ದಿನ ಎಡೆ. ನವಣೆ ಅನ್ನ, ಹುಗ್ಗಿ ಮಾಡುತ್ತೇವೆ. ಭಾವನವರಿಗೆ ಜೋಳದ ರೊಟ್ಟಿ ಬಿಟ್ಟರೆ ಬೇರೆ ಸೇರುತ್ತಿರಲಿಲ್ಲ, ಆದರೂ ಮನೆಯಲ್ಲಿ ಬೆಳೆದದ್ದನ್ನೇ ಇಡಬೇಕು ಅಂತ ಅಕ್ಕನ ಹಟ. ನೀವು ಬಂದರೆ ನೀವು ಇಡಿರಿ. ಬರದಿದ್ದರೆ ಅಕ್ಕನೇ ಇಡುತ್ತಾಳೆ, ಊರವರು ಏನಾದರೂ ಅಂದುಕೊಳ್ಳಲಿ. ಅವ್ವ ನಿಮ್ಮ ಹೆಸರು ಎತ್ತುವುದಿಲ್ಲ. ಆದರೆ ನಿಮ್ಮ ಊಟದ ಗಂಗಾಳವನ್ನು ದಿನವೂ ತೊಳೆದು ಬೋರಲು ಹಾಕುತ್ತಾರೆ.

ಅಲ್ಲಿ ಊಟಕ್ಕೆ ಏನು ಮಾಡುತ್ತೀರಿ? ಭಟ್ಟಿಯ ಬಿಸಿಗೆ ನಿಮ್ಮ ಕಣ್ಣು ಕೆಂಪಾಗುತ್ತದೆ, ರಾತ್ರಿ ಹರಳೆಣ್ಣೆ ಹಚ್ಚಿಕೊಳ್ಳಿರಿ.

ಇಂತಿ,
ನಿಮ್ಮ ಮನೆಯವಳು
ಅಂಜಿನವ್ವ

ತಾ.ಕ.: ಮೇಲಿನದೆಲ್ಲ ಅಕ್ಕನಿಗೆ ಓದಿ ಹೇಳಿದ್ದೇನೆ. ಇದನ್ನು ಓದಿಲ್ಲ.

ದೀಪಾವಳಿಗೆ ಮುಂಚಿನ ಸಂತೆ ದಿನ ಮಕ್ತುಮ್ ಸಾಬರ ಬಂಡಿಯಲ್ಲಿ ಅವ್ವನಿಗೆ ಬೆಣ್ಣೆ ಮಾರುವ ನೆಪ ಹೇಳಿ ನಾನೇ ಹರಿಹರಕ್ಕೆ ಬಂದಿದ್ದೆ. ನಿಮ್ಮನ್ನು ಕರಕೊಂಡೇ ಬರುತ್ತೇನೆ ಅಂತ ಅಕ್ಕನಿಗೆ ಮಾತು ಕೊಟ್ಟಿದ್ದೆ. ಭಟ್ಟಿಯ ಎದುರಿನ ಟೀ ಅಂಗಡಿಯ ಬೆಂಚಿನ ಮೇಲೆ ಕೂತಿದ್ದಿರಿ. ಪಕ್ಕದವನು ಏನೋ ಹೇಳಿದ. ನೀವು ನಕ್ಕಿರಿ, ತಲೆ ಹಿಂದಕ್ಕೆ ಚೆಲ್ಲಿ, ಜೋರಾಗಿ. ಟೀ ಚೆಲ್ಲಿ ಅಂಗಿ ಮೇಲೆ ಬಿತ್ತು, ಅದಕ್ಕೂ ನಕ್ಕಿರಿ. ನಾನು ರಸ್ತೆಯ ಈ ಕಡೆ ನಿಂತಿದ್ದೆ. ಕರೆದರೆ ಕೇಳುವಷ್ಟು ಹತ್ತಿರ. ಕರೆಯಲಿಲ್ಲ. ಊರಿಗೆ ಬಂದು, ಸಿಗಲಿಲ್ಲ ಅಂತ ಅಕ್ಕನಿಗೆ ಹೇಳಿದೆ.

ನೀವು ಈ ಮನೆಗೆ ಬಂದರೆ ಆ ನಗು ನಿಲ್ಲುತ್ತದೆ. ಅದು ಗೊತ್ತಿದ್ದೂ ಈ ಕಾಗದ ಕಳಿಸುತ್ತಿದ್ದೇನೆ.